ಏಳನೇ ಷೆಡ್ಡಿನ ಟೇಪುಗಳು

ಜರ್ಮನಿಯ ರೈನ್ ನದಿಯ ದಂಡೆಯಲ್ಲಿ, ಉಕ್ಕಿನ ಕಾರ್ಖಾನೆಗಳ ಊರು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ, ಒಂದು ಹಳೆಯ ಮನೆಯಿತ್ತು. ಹಿಂದೆ ಅದರಲ್ಲಿ ದೋಣಿ ನಡೆಸುವವರು ಇದ್ದರು. ಸೇತುವೆ ಬಂದಿತು, ದೋಣಿ ನಿಂತಿತು. ಈಗ ಅಲ್ಲಿ ಲುಡ್ಗರ್ ಎಂಬ ಸಂಗೀತದ ಮೇಷ್ಟ್ರು ಒಬ್ಬರೇ ಇದ್ದರು. ಅವರಿಗೆ ಎಪ್ಪತ್ತೊಂಬತ್ತು ವರ್ಷ.

ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಅವರ ಶಿಷ್ಯ ಹೆನ್ನಿಂಗ್ ಬಂದು ಬಾಗಿಲು ತಟ್ಟಿದ. ಅವನು ಈ ಕಡೆ ತಲೆ ಹಾಕಿ ಎಂಟು ವರ್ಷವಾಗಿತ್ತು.

"ಒಳಗೆ ಬಾ. ಬಾಗಿಲು ಹಾಕ್ಕೋ, ಚಳಿ" ಎಂದರು ಮೇಷ್ಟ್ರು, ನಿನ್ನೆ ಹೋಗಿ ಇವತ್ತು ಬಂದವನಿಗೆ ಹೇಳುವ ಹಾಗೆ.

ಹೆನ್ನಿಂಗ್ ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕುಸಿದ. ಅವನಿಗೆ ಮೂವತ್ತೇಳು ವರ್ಷ, ನೋಡಿದರೆ ಐವತ್ತು. ಅವನ ತಂಡದ ಹೆಸರು ಈಗ ದೇಶದೇಶಗಳಲ್ಲಿ ಎಲ್ಲರ ಬಾಯಲ್ಲಿತ್ತು. ವೇದಿಕೆಯ ಮೇಲೆ ನಾಲ್ಕು ಜನ ಕದಲದೆ ನಿಂತು ಯಂತ್ರಗಳ ಗುಂಡಿ ಒತ್ತುತ್ತಿದ್ದರು. ಅಂಥ ಸಂಗೀತವನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ.

"ಬಹಳ ದಣಿದಿದ್ದೀಯ" ಎಂದರು ಮೇಷ್ಟ್ರು.

"ಈ ವರ್ಷ ಅರವತ್ತೊಂದು ಊರು, ಮೇಷ್ಟ್ರೇ. ಅರವತ್ತೊಂದು ಊರಲ್ಲೂ ಅದೇ ಹನ್ನೆರಡು ಹಾಡು. ಮೊದಲನೇ ಹಾಡು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಎಲ್ಲೂ ಒಂದು ಸೆಕೆಂಡು ಹೆಚ್ಚಿಲ್ಲ, ಕಡಿಮೆಯಿಲ್ಲ."

"ಒಳ್ಳೇದಲ್ಲವಾ?"

"ಮೊದಮೊದಲು ಒಳ್ಳೇದಿತ್ತು. ಈಗ ಹಾಡು ನಡೀತಾ ಇದ್ದರೂ ನನಗೆ ಕೇಳಿಸೋದೇ ಇಲ್ಲ. ಹೋದ ತಿಂಗಳು ಒಂದು ಊರಲ್ಲಿ ಹಾಡು ಮುಗಿದಿದ್ದು ಗೊತ್ತಾಗದೆ ಹಾಗೇ ನಿಂತಿದ್ದೆ."

ಮೇಷ್ಟ್ರು ಎದ್ದು ಕಾಫಿಗೆ ನೀರಿಟ್ಟರು. ಒಲೆಯ ಹತ್ತಿರ ಹೋಗಿ ಬರುವಷ್ಟರಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡರು.

"ಅದನ್ನ ಹೇಳೋಕೆ ಬಂದೆಯಾ?"

"ಇಲ್ಲ. ಟೇಪುಗಳಿಗೆ ಬಂದೆ."

"ಯಾವ ಟೇಪು?"

"ಏಳನೇ ಷೆಡ್ಡಿನವು. ಎಲ್ಲ ನಿಮ್ಮ ಹತ್ತಿರಾನೇ ಇವೆಯಲ್ಲ."

ಏಳನೇ ಷೆಡ್ಡಿನ ವಿಷಯ ಹೀಗೆ. ಹದಿನಾಲ್ಕು ವರ್ಷದ ಹಿಂದೆ, ಊರಿನ ಉಕ್ಕಿನ ಕಾರ್ಖಾನೆಯೊಂದು ಮುಚ್ಚಿದಾಗ, ಅದರ ಏಳನೇ ಷೆಡ್ಡು ಖಾಲಿ ಬಿದ್ದಿತ್ತು. ಮೇಷ್ಟ್ರು ಸಂಗೀತ ಶಾಲೆಯಿಂದ ತಮ್ಮ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಅಲ್ಲಿ ಕೂರಿಸಿದರು. ಕೊಳಲು ನುಡಿಸುವ ಹೆನ್ನಿಂಗ್ ಒಬ್ಬ. ಡ್ರಮ್ಮು ಬಾರಿಸುವ ಯೋಖೆನ್ ಇನ್ನೊಬ್ಬ.

"ಏನು ನುಡಿಸೋಣ?" ಎಂದು ಕೇಳಿದ್ದ ಹೆನ್ನಿಂಗ್.

"ಒಂದು ತಿಂಗಳು ಏನೂ ಬೇಡ. ಪಕ್ಕದ ಕಾರ್ಖಾನೆ ಇನ್ನೂ ನಡೀತಾ ಇದೆ. ಅದನ್ನ ಕೇಳಿ" ಎಂದಿದ್ದರು ಮೇಷ್ಟ್ರು.

ತಿಂಗಳು ಕಳೆಯಿತು. ಆಮೇಲೆ ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ನುಡಿಸಿದರು. ನೀರಿನ ಕೊಳವೆಗೆ ಮೈಕು ಕಟ್ಟಿದರು. ಕೊಳಲಿನ ದನಿಯನ್ನು ಟೇಪಿನಲ್ಲಿ ಹಿಡಿದು, ಆ ಟೇಪಿನ ತುದಿಗೆ ತುದಿ ಅಂಟಿಸಿ, ಕುರ್ಚಿಯ ಕಾಲಿಗೆ ಸುತ್ತಿ, ಒಂದೇ ಸ್ವರವನ್ನು ಗಂಟೆಗಟ್ಟಲೆ ತಿರುಗಿಸಿದರು. ಬಟ್ಟೆ ಒಗೆಯುವ ಯಂತ್ರದ ತೊಟ್ಟಿಯೇ ಯೋಖೆನ್‌ನ ದೊಡ್ಡ ಡ್ರಮ್ಮು. ಮೇಷ್ಟ್ರು ಮೂಲೆಯಲ್ಲಿ ಕೂತು ಎಲ್ಲವನ್ನೂ ರೆಕಾರ್ಡು ಮಾಡಿಕೊಳ್ಳುತ್ತಿದ್ದರು.

ಕೇಳಲು ಬಂದವರು ಕಡಿಮೆ. ಬಂದವರಲ್ಲಿ ಅರ್ಧ ಜನ ನಡುವೆ ಎದ್ದು ಹೋಗುತ್ತಿದ್ದರು.

ಆರನೇ ವರ್ಷ ತಾಳ ಹಾಕುವ ಯಂತ್ರ ಬಂತು. ಹೆನ್ನಿಂಗ್ ಅದನ್ನು ಇಟ್ಟುಕೊಂಡ, ಯೋಖೆನ್‌ನನ್ನು ಬಿಟ್ಟ. ಸ್ವಲ್ಪ ದಿನಕ್ಕೆ ಕೊಳಲನ್ನೂ ಬಿಟ್ಟ. ಅಲ್ಲಿಂದ ಮುಂದೆ ಹೆಸರು ಬಂತು.

"ಈಗ ಆ ಟೇಪು ಯಾಕೆ?" ಎಂದರು ಮೇಷ್ಟ್ರು.

"ಒಂದು ರೆಕಾರ್ಡು ಕಂಪನಿ ಅವನ್ನ ಹೊರಗೆ ತರ್ತೀವಿ ಅಂತ ಕಾಗದ ಬರೆದಿದೆ. ಯಾರಿಂದ ಸುದ್ದಿ ಹೋಯ್ತೋ. ಇವತ್ತು ಇಲ್ಲ ಅಂದರೆ ನಾಳೆ ಇನ್ನೊಬ್ಬರು ಬರ್ತಾರೆ. ಅದಕ್ಕೇ ಸುಟ್ಟುಬಿಡ್ತೀನಿ."

"ಯಾಕೆ?"

"ನಾಚಿಕೆ ಆಗುತ್ತೆ. ಕೊಳಲು ಅಪಸ್ವರ, ತಾಳ ಜಾರುತ್ತೆ. ನಮ್ಮ ಸಂಗೀತ ಯಂತ್ರದಿಂದ ಶುರುವಾಯ್ತು ಅಂತ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೀನಿ. ಹಾಗೇ ಇರಲಿ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಹೊರಗೆ ಮಂಜಿನಲ್ಲಿ ಕಲ್ಲಿದ್ದಲಿನ ದೋಣಿಯೊಂದು ನಿಧಾನವಾಗಿ ಹೊಳೆಯ ಹರಿವಿಗೆ ಎದುರಾಗಿ ಹೋಗುತ್ತಿತ್ತು.

"ತಗೊಂಡು ಹೋಗು. ಅಟ್ಟದ ಮೇಲಿವೆ. ಹತ್ತೊಂಬತ್ತು ಸುರುಳಿ. ನಾನು ಹತ್ತಲಾರೆ, ನೀನೇ ಇಳಿಸ್ಕೋ."

ಇಷ್ಟು ಸುಲಭವಾಗಿ ಕೊಡುತ್ತಾರೆ ಎಂದು ಹೆನ್ನಿಂಗ್ ಅಂದುಕೊಂಡಿರಲಿಲ್ಲ. ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದ.

ಅವನು ಅಟ್ಟ ಹತ್ತಿ, ಧೂಳು ಹಿಡಿದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದ. ಒಲೆಯ ಪಕ್ಕದಲ್ಲಿ ಹತ್ತೊಂಬತ್ತು ಡಬ್ಬಿಯ ಗುಡ್ಡೆಯಾಯಿತು.

"ಒಂದು ಮಾತು" ಎಂದರು ಮೇಷ್ಟ್ರು. "ಅವನ್ನ ರೆಕಾರ್ಡು ಮಾಡಿಕೊಂಡವನು ನಾನು. ಆರು ವರ್ಷ ಮೂಲೆಯಲ್ಲಿ ಕೂತಿದ್ದೀನಿ. ಸುಡೋದಕ್ಕೆ ಮುಂಚೆ ಪ್ರತಿಯೊಂದನ್ನೂ ಒಂದು ಸಲ ಕೇಳಿಬಿಡು. ಅಷ್ಟು ಮಾಡು ನನಗೋಸ್ಕರ."

"ಹತ್ತೊಂಬತ್ತನ್ನೂ?"

"ಹತ್ತೊಂಬತ್ತನ್ನೂ. ಪಕ್ಕದ ಕೋಣೆಯಲ್ಲಿ ಹಾಸಿಗೆ ಇದೆ."

ಹೆನ್ನಿಂಗ್‌ಗೆ ವಾದ ಮಾಡುವಷ್ಟು ತ್ರಾಣ ಇರಲಿಲ್ಲ. ಅಲ್ಲೇ ಉಳಿದ.

ಮೊದಲ ದಿನ ಅವನು ನಾಲ್ಕು ಸುರುಳಿ ಕೇಳಿದ. ಮೇಷ್ಟ್ರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಟೇಪಿನಲ್ಲಿ ಯಾರೋ ಕೆಮ್ಮುತ್ತಿದ್ದರು, ಯಾರೋ ಬಾಗಿಲು ಹಾಕುತ್ತಿದ್ದರು. ತನ್ನ ಕೊಳಲು ಕೇಳಿದಾಗಲೆಲ್ಲ ಹೆನ್ನಿಂಗ್ ಮುಖ ಗಂಟು ಹಾಕಿದ. ಉದ್ದನೆಯ ಸ್ವರ ಹಿಡಿಯಲು ಹೋಗಿ ಉಸಿರು ಸಾಲದೆ ನಡುವೆ ಕಡಿಯುತ್ತಿದ್ದ. ಚಿಕ್ಕಂದಿನಲ್ಲಿ ಅವನಿಗೆ ಎದೆಯ ಕಾಯಿಲೆ ಬಂದು ಹೋಗಿತ್ತು.

ಎರಡನೇ ದಿನ ಆರು ಸುರುಳಿ. ಯೋಖೆನ್‌ನ ತಾಳ ಅವನ ನೆನಪಿನಲ್ಲಿದ್ದ ಹಾಗೆಯೇ ಇತ್ತು. ನೆಟ್ಟಗೆ ಹೋಗುತ್ತಾ ಹೋಗುತ್ತಾ ಇದ್ದಕ್ಕಿದ್ದಂತೆ ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಮತ್ತೆ ಸರಿಯಾಗುತ್ತಿತ್ತು. ಮತ್ತೆ ಹಿಂದೆ.

"ಕೇಳಿದಿರಾ?" ಎಂದ ಹೆನ್ನಿಂಗ್. "ಇದಕ್ಕೇ ಅವನನ್ನ ಬಿಟ್ಟಿದ್ದು. ಎಷ್ಟು ಸಲ ಹೇಳಿದೆ. ತಲೆ ಆಡಿಸ್ತಿದ್ದ, ತಿದ್ದಿಕೊಳ್ತಿರಲಿಲ್ಲ."

"ಹೂಂ" ಎಂದರು ಮೇಷ್ಟ್ರು, ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ.

ಮೂರನೇ ದಿನ ಬೆಳಿಗ್ಗೆ ಹೆನ್ನಿಂಗ್ ಹನ್ನೊಂದನೇ ಸುರುಳಿ ಹಾಕಿದ. ಅದರಲ್ಲಿ ಕೊಳಲೇ ಇರಲಿಲ್ಲ.

ಅವನಿಗೆ ಆ ದಿನ ನೆನಪಿಗೆ ಬಂತು. ಹಲ್ಲು ಕೀಳಿಸಿಕೊಂಡು ಬಂದಿದ್ದ, ಬಾಯಿ ಊದಿತ್ತು. ಒಂದು ಹಳೆಯ ಆರ್ಗನ್ನಿನ ಎರಡು ಕೀಗಳ ಮೇಲೆ ಇಟ್ಟಿಗೆ ಹೇರಿ, ಸ್ವರ ತಾನಾಗಿ ಮೊಳಗುವ ಹಾಗೆ ಮಾಡಿ, ಅವನು ಸುಮ್ಮನೆ ಕೂತಿದ್ದ. ಯೋಖೆನ್ ಒಬ್ಬನೇ ಬಾರಿಸಿದ್ದ. ನಲವತ್ತು ನಿಮಿಷ.

ಹೆನ್ನಿಂಗ್ ತಾಳ ಜಾರುವುದನ್ನು ಕಾಯುತ್ತಾ ಕೂತ. ಜಾರಲಿಲ್ಲ.

ಅವನು ಕೈಗಡಿಯಾರ ಬಿಚ್ಚಿ ಮುಂದೆ ಇಟ್ಟುಕೊಂಡ. ಟೇಪನ್ನು ಮೊದಲಿಗೆ ತಿರುಗಿಸಿ ಎಣಿಸಿದ. ನಿಮಿಷಕ್ಕೆ ಎಪ್ಪತ್ತೆರಡು ಪೆಟ್ಟು. ನಡುವೆ ಎಣಿಸಿದ. ಎಪ್ಪತ್ತೆರಡು. ಕೊನೆಯಲ್ಲಿ ಎಣಿಸಿದ. ಎಪ್ಪತ್ತೆರಡು.

ಆಮೇಲೆ ಹನ್ನೆರಡನೇ ಸುರುಳಿ ಹಾಕಿದ. ಕೊಳಲು ಮತ್ತೆ ಬಂದಿತ್ತು. ತಾಳವೂ ಮತ್ತೆ ಜಾರತೊಡಗಿತ್ತು. ಈ ಸಲ ಹೆನ್ನಿಂಗ್ ಡ್ರಮ್ಮನ್ನು ಬಿಟ್ಟು ಕೊಳಲನ್ನು ಕೇಳಿದ. ಉದ್ದನೆಯ ಸ್ವರ ಎದ್ದಿತು, ಏರಿತು, ತುದಿಗೆ ಹೋಗುತ್ತಾ ನಡುಗಿತು. ಅಲ್ಲಿ ಅವನ ಉಸಿರು ಮುಗಿಯಿತು. ಅಲ್ಲೇ, ಸರಿಯಾಗಿ ಅಲ್ಲೇ, ಡ್ರಮ್ಮಿನ ಪೆಟ್ಟು ಒಂದು ಕ್ಷಣ ತಡೆಯಿತು. ಅವನು ಉಸಿರೆಳೆದುಕೊಂಡ ಸದ್ದು ಟೇಪಿನಲ್ಲಿ ಕೇಳಿಸಿತು. ಆಮೇಲೆ ಪೆಟ್ಟು ಬಿತ್ತು.

ಮತ್ತೆ ಹಾಕಿದ. ಮತ್ತೆ ಅದೇ.

ಅವನು ಟೇಪು ನಿಲ್ಲಿಸಿದ.

"ಮೇಷ್ಟ್ರೇ. ಅವನು ಹಿಂದೆ ಬೀಳ್ತಿರಲಿಲ್ಲ. ಕಾಯ್ತಿದ್ದ."

ಮೇಷ್ಟ್ರು ಅವನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ?"

"ಅವನನ್ನ ಬಿಡೋಕೆ ಮುಂಚೆ ನೀನು ಬಂದು ನನ್ನ ಕೇಳಿದ್ದು ಏನು, ನೆನಪಿದೆಯಾ?"

"ಯೋಖೆನ್ ಹಿಂದೆ ಬೀಳ್ತಾನೆ, ಹೌದೋ ಅಲ್ಲವೋ ಅಂತ ಕೇಳಿದ್ದೆ."

"ಹೌದು ಅಂದೆ. ಬೀಳ್ತಿದ್ದದ್ದು ನಿಜ. ಯಾಕೆ ಅಂತ ನೀನು ಕೇಳಲಿಲ್ಲ."

"ಕೇಳಿದ್ದರೆ ಹೇಳ್ತಿದ್ದಿರಾ?"

"ಅವನನ್ನ ಕೇಳು ಅಂತಿದ್ದೆ."

ಹೆನ್ನಿಂಗ್‌ಗೆ ಸಿಟ್ಟು ಬಂತು. ಮೇಷ್ಟ್ರ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ಸಿಟ್ಟು ಬಹಳ ಹೊತ್ತು ನಿಲ್ಲಲೂ ಇಲ್ಲ, ಅದಕ್ಕೂ ಶಕ್ತಿ ಬೇಕಿತ್ತು.

"ಅವನು ಈಗ ಎಲ್ಲಿದ್ದಾನೆ?"

"ಊರಲ್ಲೇ. ಒಂಬತ್ತನೇ ನಂಬರಿನ ಟ್ರಾಮ್ ಓಡಿಸ್ತಾನೆ."

ಮಾರನೇ ದಿನ ಹೆನ್ನಿಂಗ್ ಸೇತುವೆಯ ಹತ್ತಿರ ನಿಂತು ಒಂಬತ್ತನೇ ನಂಬರಿನ ಟ್ರಾಮುಗಳನ್ನು ನೋಡಿದ. ಮೂರನೆಯದರಲ್ಲಿ ಯೋಖೆನ್ ಇದ್ದ. ತಲೆಗೂದಲು ಅರ್ಧ ಉದುರಿತ್ತು. ಭುಜಗಳು ಮಾತ್ರ ಹಾಗೇ ಇದ್ದವು.

ಹೆನ್ನಿಂಗ್ ಹತ್ತಿ ಅವನ ಹಿಂದೆ ನಿಂತ. ಚಾಲಕನ ಜೊತೆ ಮಾತಾಡಬಾರದು ಎಂದು ತಗಡಿನ ಮೇಲೆ ಬರೆದಿತ್ತು. ಯೋಖೆನ್ ಕನ್ನಡಿಯಲ್ಲಿ ಅವನನ್ನು ಒಮ್ಮೆ ನೋಡಿದ, ಮತ್ತೆ ರಸ್ತೆ ನೋಡಿದ. ಕೊನೆಯ ಸ್ಟಾಪಿಗೆ ಇಪ್ಪತ್ತೆರಡು ನಿಲುಗಡೆ. ಇಪ್ಪತ್ತೆರಡನ್ನೂ ಹೆನ್ನಿಂಗ್ ನಿಂತುಕೊಂಡೇ ದಾಟಿದ.

ಕೊನೆಯಲ್ಲಿ ಎಲ್ಲರೂ ಇಳಿದರು. ಯೋಖೆನ್ ಬ್ರೇಕು ಹಾಕಿ, ಡಬ್ಬಿಯಿಂದ ಬ್ರೆಡ್ಡು ತೆಗೆದ.

"ಏಳು ನಿಮಿಷ ಇದೆ. ಹೇಳು" ಎಂದ.

"ನೀನು ಕಾಯ್ತಿದ್ದೆ ನನಗೋಸ್ಕರ. ಷೆಡ್ಡಿನಲ್ಲಿ. ನನ್ನ ಉಸಿರು ನಿಂತಾಗಲೆಲ್ಲ."

ಯೋಖೆನ್ ಬ್ರೆಡ್ಡು ಅಗಿಯುತ್ತಾ ಯೋಚಿಸಿದ.

"ಹೌದು. ನಿನಗೆ ಉಸಿರು ಸಾಲ್ತಿರಲಿಲ್ಲ."

"ಬಾಯಿಬಿಟ್ಟು ಹೇಳಬಾರದಿತ್ತಾ? ನಾನು ಅಷ್ಟು ಬೈದೆ. ಯಂತ್ರ ತಂದು ನಿನ್ನ ಜಾಗದಲ್ಲಿ ಇಟ್ಟೆ."

"ಹೇಳಿದ್ದರೆ ನೀನು ಅವತ್ತೇ ಕೊಳಲು ಕೆಳಗಿಡ್ತಿದ್ದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ?"

"ಹೇಗೂ ಕೆಳಗಿಟ್ಟೆ."

"ಹೌದು. ಆದರೆ ನನ್ನ ಮಾತಿನಿಂದ ಅಲ್ಲ."

ಟ್ರಾಮಿನ ಕಿಟಕಿಗೆ ಸಣ್ಣ ಮಳೆ ಬಡಿಯುತ್ತಿತ್ತು.

"ತಪ್ಪಾಯ್ತು, ಯೋಖೆನ್."

"ಎರಡು ವರ್ಷ ನಿನ್ನ ಮೇಲೆ ಭಾರಿ ಸಿಟ್ಟಿತ್ತು. ಎಲ್ಲಿ ರೇಡಿಯೋ ಹಾಕಿದರೂ ನೀನೇ. ಆಮೇಲೆ ಮಗಳು ಹುಟ್ಟಿದಳು, ಸಿಟ್ಟು ಮಾಡೋಕೆ ಪುರುಸೊತ್ತಾಗಲಿಲ್ಲ." ಅವನು ಗಡಿಯಾರ ನೋಡಿದ. "ಮೂರು ನಿಮಿಷ."

ಹೆನ್ನಿಂಗ್ ಟೇಪಿನ ವಿಷಯ ಹೇಳಿದ. ಕಂಪನಿಯ ಕಾಗದ, ಅಟ್ಟ, ಸುಡುವ ಯೋಚನೆ, ಹನ್ನೊಂದನೇ ಸುರುಳಿ. ತಡವರಿಸುತ್ತಾ ಎಲ್ಲವನ್ನೂ ಹೇಳಿದ.

"ಈಗ ಏನು ಮಾಡಲಿ ಅಂತ ತಿಳೀತಿಲ್ಲ. ಅದರಲ್ಲಿ ಅರ್ಧ ನಿನ್ನದು. ನೀನು ಹೇಳು."

"ಕೇಳದೆ ಹೇಗೆ ಹೇಳಲಿ? ನನಗೆ ಭಾನುವಾರ ರಜೆ."

ಭಾನುವಾರ ಯೋಖೆನ್ ಬಂದ. ಬರುವಾಗ ಹೆಂಡತಿ ಮಾಡಿದ ಸೇಬಿನ ಕೇಕು ತಂದಿದ್ದ. ಮೇಷ್ಟ್ರು ಬಾಗಿಲಲ್ಲಿ ಅವನ ಎರಡೂ ಕೈ ಹಿಡಿದುಕೊಂಡು, ಅಂಗೈ ಮೇಲೆ ಮಾಡಿ ನೋಡಿ, ಬಿಟ್ಟರು.

ಮೂವರೂ ಒಲೆಯ ಸುತ್ತ ಕೂತರು. ಹೆನ್ನಿಂಗ್ ಹನ್ನೆರಡನೇ ಸುರುಳಿ ಹಾಕಿದ. ಮಾತಿಲ್ಲದೆ ಕೇಳಿದರು. ತಾಳ ತಡೆದಾಗಲೆಲ್ಲ ಹೆನ್ನಿಂಗ್ ತಲೆ ತಗ್ಗಿಸಿದ.

ಐದಾರು ಸಲ ಹಾಗಾದ ಮೇಲೆ ಯೋಖೆನ್ ಕೈ ಎತ್ತಿದ.

"ಇದು ಹಾಗಲ್ಲ. ಇಲ್ಲಿ ನಾನೇ ತಪ್ಪಿದ್ದು."

"ಏನಂದೆ?"

"ಇದು ಕಾದದ್ದಲ್ಲ, ಕೈ ಜಾರಿದ್ದು. ಹಿಂದಿನದೂ ಹಾಗೇ ಇರಬೇಕು. ಅವತ್ತು ತೊಟ್ಟಿ ಡ್ರಮ್ಮಿನ ಒಂದು ಕಾಲು ಮುರಿದಿತ್ತು, ಮೊಣಕಾಲಲ್ಲಿ ಒತ್ತಿ ಹಿಡ್ಕೊಂಡಿದ್ದೆ." ಅವನು ನಗುತ್ತಿದ್ದ. "ಎಲ್ಲದಕ್ಕೂ ತಲೆ ತಗ್ಗಿಸಬೇಡ ಮಾರಾಯ. ಕೆಲವು ನನ್ನ ತಪ್ಪೂ ಇವೆ."

ಹೆನ್ನಿಂಗ್‌ಗೆ ಅಳು ಬಂದ ಹಾಗಾಯಿತು. ಬದಲಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೆಂದು ಅವನಿಗೆ ನೆನಪಿರಲಿಲ್ಲ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡ. ಟೇಪು ತನ್ನ ಪಾಡಿಗೆ ತಿರುಗುತ್ತಿತ್ತು. ಅದರೊಳಗೆ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಕಳೆದುಕೊಂಡು, ಹುಡುಕಿಕೊಂಡು ನುಡಿಸುತ್ತಿದ್ದರು.

ಅದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಅವನು ಕೇಳುತ್ತಿದ್ದ.

ಸುರುಳಿ ಮುಗಿದು, ಟೇಪಿನ ತುದಿ ಪಟಪಟ ಹೊಡೆದುಕೊಳ್ಳತೊಡಗಿತು. ಯೋಖೆನ್ ಕೇಕು ಕತ್ತರಿಸಿದ.

"ಕೊಡು ಅವರಿಗೆ" ಎಂದ. "ಹೇಗಿದೆಯೋ ಹಾಗೇ ಕೊಡು. ನನ್ನ ಹೆಸರು ಹಾಕಿಸು. ನಾನು ಡ್ರಮ್ಮು ಬಾರಿಸ್ತಿದ್ದೆ ಅಂದರೆ ನನ್ನ ಮಗಳು ನಂಬೋದೇ ಇಲ್ಲ."

"ತಾಳ ತಿದ್ದಬಹುದು ಈಗ. ಅದಕ್ಕೆ ಯಂತ್ರ ಇದೆ" ಎಂದ ಹೆನ್ನಿಂಗ್, ಅಭ್ಯಾಸಬಲದಿಂದ. ಹೇಳಿದ ಮೇಲೆ ತಾನೇ ತಲೆಯಾಡಿಸಿದ. "ಬೇಡ. ಹಾಗೇ ಇರಲಿ."

ಅಲ್ಲೇ ಮೇಜಿನ ಮೇಲೆ ಕಂಪನಿಗೆ ಕಾಗದ ಬರೆದ. ಕೆಳಗೆ ಇಬ್ಬರೂ ಸಹಿ ಹಾಕಿದರು. ಸುಡಲು ಇಳಿಸಿದ್ದ ಹತ್ತೊಂಬತ್ತು ಡಬ್ಬಿಗಳ ಧೂಳನ್ನು ಯೋಖೆನ್ ತನ್ನ ಕರವಸ್ತ್ರದಲ್ಲಿ ಒರೆಸಿ ಜೋಡಿಸಿಟ್ಟ.

ಹೊರಡುವ ಹೊತ್ತಾಯಿತು. ಇನ್ನೂ ಬೆಳಕಿತ್ತು. ಹೆನ್ನಿಂಗ್ ಬಾಗಿಲ ತನಕ ಹೋದವನು ಹಿಂತಿರುಗಿ ಬಂದ. ಮೇಷ್ಟ್ರು ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದರು.

"ಮೇಷ್ಟ್ರೇ, ಒಂದು ಕೇಳಲಾ? ಯಾವುದು ಅವನು ಕಾದದ್ದು, ಯಾವುದು ಕೈ ತಪ್ಪಿದ್ದು, ನಿಮಗೆ ಆವಾಗ ಕೇಳಿಸ್ತಿತ್ತಾ?"

"ಇಲ್ಲ."

"ಒಂದು ಸಲವೂ?"

"ಇಲ್ಲಪ್ಪ. ಬರೀ ಅನುಮಾನ ಇತ್ತು."

"ಮತ್ತೆ ಆರು ವರ್ಷ ನಮಗೆ ಏನು ಕಲಿಸಿದಿರಿ?"

ಮೇಷ್ಟ್ರು ಕಣ್ಣು ತೆರೆಯಲಿಲ್ಲ.

"ನಿಮ್ಮಿಬ್ಬರನ್ನ ಒಂದೇ ಷೆಡ್ಡಿನಲ್ಲಿ ಕೂರಿಸಿದೆ. ಅದಕ್ಕಿಂತ ಹೆಚ್ಚು ನನಗೂ ಬರ್ತಿರಲಿಲ್ಲ."